4.5 ಲಕ್ಷದ ಟೈಮ್‌ಶೇರ್ ಮೆಂಬರ್‌ಶಿಪ್, ತಗೋಬೇಕಾ ಬೇಡ್ವಾ?

ವಾಕಡ್_ವಾಸಿ:
ಎಲ್ರಿಗೂ ನಮಸ್ಕಾರ. ಪುಣೆಲಿದೀವಿ, ನಾನು, ಹೆಂಡ್ತಿ, ಸ್ಕೂಲಿಗೆ ಹೋಗೋ ಮಗಳು. ಮಾಲ್‌ನಲ್ಲಿ ಕೂಪನ್ ತುಂಬಿಸ್ಕೊಂಡು, ಆಮೇಲೆ ಗಿಫ್ಟ್ ಬಂದಿದೆ ಗಂಡ ಹೆಂಡ್ತಿ ಇಬ್ರೂ ಬರ್ಲೇಬೇಕು ಅಂತ ಹೋಟೆಲಿಗೆ ಕರೆಸಿ ಎರಡು ಗಂಟೆ ತಲೆ ತಿಂದ್ರು. 25 ವರ್ಷ, ವರ್ಷಕ್ಕೆ 7 ರಾತ್ರಿ ಅವರ ರೆಸಾರ್ಟ್‌ಗಳಲ್ಲಿ ಉಳ್ಕೋಬಹುದು, ಅದಕ್ಕೆ ಈಗ್ಲೇ 4.5 ಲಕ್ಷ, ಜೊತೆಗೆ ವರ್ಷಾ ವರ್ಷಾ 18 ಸಾವಿರ ಮೇಂಟೆನೆನ್ಸ್. 175 ರಾತ್ರಿಗೆ ಭಾಗಿಸಿದ್ರೆ 2,600 ರೂಪಾಯಿನೂ ಬೀಳಲ್ಲ, ಈ ರೇಟಿಗೆ ಗೋವಾದಲ್ಲಿ ಒಳ್ಳೆ ರೆಸಾರ್ಟ್ ಸಿಗುತ್ತಾ ಸರ್ ಅಂತಾರೆ. ಹೆಂಡ್ತಿಗೆ ಹಿಡಿಸಿದೆ, ನಂಗೆ ಎಲ್ಲೋ ಡೌಟು.

ಲೆಕ್ಕದ_ಮಾಣಿ, ಕೋಥ್ರೂಡ್:
ಮೇಂಟೆನೆನ್ಸ್ ಎಲ್ಲಿ ಹೋಯ್ತು ಮಾರಾಯ್ರೆ? 18 ಸಾವಿರನ 7ರಿಂದ ಭಾಗಿಸಿ, ಅದೇ ರಾತ್ರಿಗೆ 2,570 ಆಯ್ತು. ಇನ್ನು 4.5 ಲಕ್ಷ ಎಫ್‌ಡಿಲಿಟ್ಟು 7% ಸಿಕ್ರೆ ವರ್ಷಕ್ಕೆ 31,500 ಬಡ್ಡಿ, ಅಸಲು ನಿಮ್ಮ ಹತ್ರನೇ ಇರುತ್ತೆ, ಇಲ್ಲಿ 25 ವರ್ಷ ಆದ್ಮೇಲೆ ಕೈಗೆ ಬರೋದು ಸೊನ್ನೆ. ಎರಡೂ ಕೂಡಿಸಿದ್ರೆ 49,500, ಅಂದ್ರೆ ರಾತ್ರಿಗೆ 7 ಸಾವಿರದ ಮೇಲೆ, ಊಟ ಬೇರೆ. ಬಡ್ಡಿ ಮೇಲೆ ಟ್ಯಾಕ್ಸ್ ಕಳೆದ್ರೂ 6 ಸಾವಿರದ ಆಸುಪಾಸು ಬರುತ್ತೆ. ಮೇಂಟೆನೆನ್ಸ್ ವರ್ಷಕ್ಕೆ 6% ಏರಿದ್ರೆ 12 ವರ್ಷದಲ್ಲಿ ಡಬಲ್. ಹೋಟೆಲ್ ರೇಟೂ ಏರಲ್ವಾ ಅಂತ ಸೇಲ್ಸ್‌ನವರು ಕೇಳ್ತಾರೆ, ಏರುತ್ತೆ, ಆದ್ರೆ ಕೈ ಟೈಟ್ ಇರೋ ವರ್ಷ ನೀವು ಹೋಗದೇ ಇರ್ಬಹುದು, ಇಲ್ಲಿ ಹೋಗ್ಲಿ ಬಿಡ್ಲಿ ಕಟ್ಲೇಬೇಕು. ಇಎಂಐ ಅಂತೂ ಮಾತೇ ಬೇಡ.

ಮುಲುಂಡ್_ಅಜ್ಜ:
ನಮ್ಮದು ಮೆಂಬರ್‌ಶಿಪ್ ಇದೆ, ನಮಗೆ ಅನುಕೂಲನೇ ಆಗಿದೆ. ರಿಟೈರ್ಡ್ ಜನ ನಾವು, ಮಳೆಗಾಲದಲ್ಲಿ ಮಹಾಬಳೇಶ್ವರಕ್ಕೆ ವಾರದ ಮಧ್ಯೆ ಹೋಗ್ತೀವಿ, ರೂಂ ಸಿಗುತ್ತೆ. ನಿಮ್ಮ ಮಗಳ ಸ್ಕೂಲ್ ರಜೆ ಅಂದ್ರೆ ದೀಪಾವಳಿ, ಕ್ರಿಸ್‌ಮಸ್, ಮೇ. ಆಗ ಎಲ್ಲ ಮೆಂಬರುಗಳಿಗೂ ಅದೇ ದಿನ ಬೇಕು. ಅದಕ್ಕೇ ಕ್ಲಬ್ ಮಹೀಂದ್ರಾದಂಥ ಟೈಮ್‌ಶೇರ್ ಕಂಪನಿಯವರು ಪರ್ಪಲ್, ರೆಡ್, ವೈಟ್, ಬ್ಲೂ ಅಂತ ಸೀಸನ್ ಮಾಡಿ ಬೇರೆ ಬೇರೆ ರೇಟ್ ಇಟ್ಟಿರೋದು. ನಿಮಗೆ ಹೇಳಿದ 4.5 ಲಕ್ಷ ಯಾವ ಸೀಸನ್ನಿಗೆ ಅಂತ ಮೊದಲು ಕೇಳಪ್ಪ.

ವಾಸ್ಕೋ_ಮಂದಿ:
ಇಲ್ಲಿ ಕಲಂಗುಟ್ ಬಾಗಾ ಕಡೆ ಸ್ಕೂಟರ್ ಮ್ಯಾಲೆ ಬಂದು ಸ್ಕ್ರ್ಯಾಚ್ ಕಾರ್ಡ್ ಕೊಡ್ತಾರ್ರಿ, ಎಲ್ಲಾರಿಗೂ ಪ್ರೈಜ್ ಬರ್ತದ! ಜೂನ್‌ದಿಂದ ಸಪ್ಟೆಂಬರ್ ತನಕ ಗೋವಾದಾಗ ರೂಂ ರೇಟ್ ತಾನ ಇಳಿತದ, ಮೆಂಬರ್‌ಶಿಪ್ ಯಾಕ ಬೇಕು. ತಗೊಳ್ಳೋದ ಇದ್ರ ಸೆಕೆಂಡ್ ಹ್ಯಾಂಡ್ ನೋಡ್ರಿ, ಬ್ಯಾಡಾಗಿ ಮಾರೋ ಮಂದಿ ಭಾಳ ಅದಾರ, ಟ್ರಾನ್ಸ್‌ಫರ್ ಫೀ ಎಷ್ಟು, ಬಾಕಿ ಏನರ ಅದನೋ ಅಷ್ಟ ವಿಚಾರಿಸ್ರಿ. ಎಷ್ಟು ದಿನದೊಳಗ ಕ್ಯಾನ್ಸಲ್ ಮಾಡಿದ್ರ ಪೂರಾ ರೊಕ್ಕ ವಾಪಸ್ ಅನ್ನೋದು ಅಗ್ರಿಮೆಂಟ್‌ನಾಗ ಬರದಿರಬೇಕು. ತಕರಾರು ಆದ್ರ ಗ್ರಾಹಕ ಹೆಲ್ಪ್‌ಲೈನ್ 1915ಕ್ಕ ಫೋನ್ ಹಚ್ರಿ, 2019ರ ಗ್ರಾಹಕ ಕಾಯ್ದೆ ಪ್ರಕಾರ ನೀವಿರೋ ಜಿಲ್ಲಾದಾಗನ ಕೇಸ್ ಹಾಕಬಹುದು, ಅವರ ಹೆಡ್ ಆಫೀಸ್ ಎಲ್ಲೇ ಇರ್ಲಿ.

ವಾಕಡ್_ವಾಸಿ:
ಥ್ಯಾಂಕ್ಸ್ ಎಲ್ರಿಗೂ. ಮೇನಲ್ಲಿ ನಾವು ಹೇಗೂ ಶಿರಸಿಗೆ ಹೋಗ್ತೀವಿ, ಉಳಿದಿದ್ದು ದೀಪಾವಳಿ ಮಾತ್ರ. ಸೀಸನ್ ಯಾವುದು ಅಂತ ಕೇಳಿದ್ದಕ್ಕೆ ಆಫೀಸಿಗೆ ಬನ್ನಿ ಸರ್, ಮ್ಯಾನೇಜರ್ ಹೇಳ್ತಾರೆ ಅಂದ. ಹೆಂಡ್ತಿಗೆ 49,500ರ ಲೆಕ್ಕ ತೋರಿಸ್ದೆ, ಹಾಗಾದ್ರೆ ಆ ದುಡ್ಡಲ್ಲಿ ಈ ಸಲ ಕೇರಳ ಅಂತಿದಾಳೆ.