ಕೋಣೆಯಲ್ಲಿ ಕೇಳುವ ಗಿಟಾರ್ ದನಿ ರೆಕಾರ್ಡಿಂಗ್‌ನಲ್ಲಿ ಏಕೆ ಸಿಗುತ್ತಿಲ್ಲ?

ಆರನೇ ತಂತಿ:

ಮೂರು ವಾರಗಳಿಂದ ಒಂದೇ ಹಾಡಿನ ಆರಂಭವನ್ನು ರೆಕಾರ್ಡ್ ಮಾಡುವುದು, ಕೇಳುವುದು, ಅಳಿಸುವುದು ಇಷ್ಟೇ ನಡೆದಿದೆ. ನನ್ನ ಬಳಿ ಇರುವುದು 15 ವ್ಯಾಟ್‌ನ ವಾಲ್ವ್ ಆಂಪ್, ಅಂದರೆ ಗಾಜಿನ ಕೊಳವೆಗಳಿಂದ ಗಿಟಾರಿನ ಸದ್ದನ್ನು ಹಿಗ್ಗಿಸುವ ಪೆಟ್ಟಿಗೆ. ಅದರೊಳಗೇ 12 ಇಂಚಿನ ಒಂದು ಸ್ಪೀಕರ್ ಇದೆ. ಜೊತೆಗೆ ಒಂದು ಶ್ಯೂರ್ ಎಸ್‌ಎಂ57 ಮೈಕ್, ಮೈಕಿನ ಸದ್ದನ್ನು ಕಂಪ್ಯೂಟರಿಗೆ ಕಳಿಸಲು ಎರಡು ಇನ್‌ಪುಟ್‌ಗಳ ಆಡಿಯೋ ಇಂಟರ್‌ಫೇಸ್. ಕೋಣೆ ಹತ್ತಡಿಗೆ ಹನ್ನೊಂದಡಿ. ನಿಂತು ನುಡಿಸುವಾಗ ದನಿ ತುಂಬಿಕೊಂಡು ಬರುತ್ತದೆ, ಎದೆಗೆ ತಾಗುತ್ತದೆ. ರೆಕಾರ್ಡ್ ಮಾಡಿ ಕೇಳಿದರೆ ತಗಡಿನ ಡಬ್ಬಿಯಲ್ಲಿ ಜೇನ್ನೊಣಗಳನ್ನು ಕೂಡಿಹಾಕಿದ ಹಾಗಿರುತ್ತದೆ.

ಆಂಪ್ ನೆಲದ ಮೇಲಿದೆ. ಮೈಕನ್ನು ಸ್ಪೀಕರಿನ ನಟ್ಟನಡುವಿಗೆ, ಅದರ ಮುಂದೆ ಹೊದಿಸಿದ ಬಟ್ಟೆಗೆ ತಾಗುವಷ್ಟು ಹತ್ತಿರ ಇಟ್ಟಿದ್ದೇನೆ. ಗೇನ್ (ದನಿಯನ್ನು ಒರಟಾಗಿಸುವ ಗುಂಡಿ) 7ರಲ್ಲಿದೆ. ಕಂಪ್ಯೂಟರಿನಲ್ಲಿ ಟ್ರೆಬಲ್ (ದನಿಯ ಚುರುಕು ಭಾಗ) ಇಳಿಸಿದರೆ ದನಿ ಕಂಬಳಿ ಹೊದ್ದಂತಾಗುತ್ತದೆ, ಏರಿಸಿದರೆ ಮತ್ತೆ ಜೇನ್ನೊಣ. ಇನ್ನೊಂದು ಮೈಕ್ ಕೊಳ್ಳಬೇಕೇ, ಅಥವಾ ಆಂಪ್ ಬದಲಿಸಬೇಕೇ?

ಹಳೆಯ ವಾಲ್ವ್:

ಏನನ್ನೂ ಕೊಳ್ಳಬೇಡಿ. ನಾನು ಇದೇ ಪ್ರಶ್ನೆಗೆ ಒಂದಲ್ಲ, ಮೂರು ಪೆಡಲ್ (ದನಿ ಬದಲಿಸುವ, ಕಾಲಿನಿಂದ ಒತ್ತುವ ಪೆಟ್ಟಿಗೆ) ಕೊಂಡು ಉತ್ತರ ಹುಡುಕಿದವನು. ಮೂರೂ ಈಗ ಮೇಜಿನ ಖಾನೆಯಲ್ಲಿವೆ.

ಮೊದಲು ಒಂದು ಮಾತು ಹೇಳಿ: ನುಡಿಸುವಾಗ ನಿಮ್ಮ ಕಿವಿ ಎಲ್ಲಿರುತ್ತದೆ? ಆಂಪ್ ನಿಮ್ಮ ಮೊಣಕಾಲಿನ ಮಟ್ಟದಲ್ಲಿದೆ, ಕಿವಿ ಅದಕ್ಕಿಂತ ಒಂದು ಮೀಟರ್ ಮೇಲಿದೆ. ಹೆಚ್ಚಿನ ಕಂಪನಾಂಕದ ದನಿ ಸ್ಪೀಕರಿನಿಂದ ಬಾಣದಂತೆ ನೇರವಾಗಿ ಹೋಗುತ್ತದೆ. ನಿಮ್ಮ ಕಾಲಿಗೆ ಬಡಿಯುತ್ತದೆಯೇ ಹೊರತು ಕಿವಿಗೆ ಬರುವುದಿಲ್ಲ. ಬಾಸ್ ಮಾತ್ರ ಸುತ್ತಲೂ ಹರಡಿ, ನೆಲ ಗೋಡೆಗಳಿಗೆ ತಾಗಿ ದಪ್ಪವಾಗಿ ಮೇಲೇಳುತ್ತದೆ. ಆ ಮೆತ್ತನೆಯ ದನಿಯನ್ನು ಕೇಳಿಕೊಂಡು ನೀವು ಟ್ರೆಬಲ್ ಗುಂಡಿಯನ್ನು ತಿರುಗಿಸಿದ್ದೀರಿ. ನಿಮ್ಮ ಕಾಲು ಕೇಳುತ್ತಿದ್ದುದನ್ನು ಮೈಕ್ ಕೇಳಿದೆ. ಅದು ಸುಳ್ಳು ಹೇಳುತ್ತಿಲ್ಲ.

ಆಂಪನ್ನು ಒಂದು ಗಟ್ಟಿ ಕುರ್ಚಿಯ ಮೇಲಿಡಿ. ವಾಲ್ಯೂಮ್ ಚೆನ್ನಾಗಿ ತಗ್ಗಿಸಿ (ಕಿವಿ ಮತ್ತೆ ಸಿಗುವುದಿಲ್ಲ), ಸ್ಪೀಕರಿನ ಎದುರೇ ಕುಳಿತು ಟ್ರೆಬಲ್ ಮತ್ತು ಗೇನ್ ಅನ್ನು ಹೊಸದಾಗಿ ಹೊಂದಿಸಿ. ಎರಡನ್ನೂ ನೀವಾಗಿಯೇ ಇಳಿಸುತ್ತೀರಿ, ನಾನು ಹೇಳಬೇಕಾಗಿಲ್ಲ.

ಆಮೇಲೆ ಮೈಕ್. ಸ್ಪೀಕರಿನ ನಡುವೆ ಬೋರಲು ಬಟ್ಟಲಿನಂಥ ಮುಚ್ಚಳ ಇರುತ್ತದಲ್ಲ, ಅದರ ಎದುರು ದನಿ ಅತಿ ಚುರುಕು. ಅಂಚಿನ ಕಡೆಗೆ ಸರಿದಂತೆ ಮಂಕಾಗುತ್ತದೆ. ಸಾಲದ್ದಕ್ಕೆ ಎಸ್‌ಎಂ57 ತಾನೇ 5ರಿಂದ 6 ಕಿಲೋಹರ್ಟ್ಜ್ ಸುತ್ತ ಸ್ವಲ್ಪ ಎತ್ತಿ ತೋರಿಸುವ ಮೈಕ್. 1965ರಿಂದ ಅದು ಹೀಗೆಯೇ ಇದೆ. ನಟ್ಟನಡುವೆ ಅದನ್ನು ಇಟ್ಟು, ಗೇನ್ 7ಕ್ಕೆ ಏರಿಸಿದರೆ ಜೇನ್ನೊಣ ಬಾರದೆ ಇನ್ನೇನು ಬಂದೀತು?

ಬಟ್ಟೆಯ ಮೂಲಕ ಟಾರ್ಚ್ ಬಿಟ್ಟು ಆ ಮುಚ್ಚಳದ ಅಂಚು ಎಲ್ಲಿದೆ ನೋಡಿ. ಅಲ್ಲಿ ಬಟ್ಟೆಯ ಮೇಲೆ ಕಾಗದದ ಟೇಪಿನ ಸಣ್ಣ ತುಂಡು ಅಂಟಿಸಿ. ಮೈಕನ್ನು ಆ ಗುರುತಿಗೆ ತಂದು ಇಪ್ಪತ್ತು ಸೆಕೆಂಡ್ ರೆಕಾರ್ಡ್ ಮಾಡಿ. ಒಂದು ಸೆಂಟಿಮೀಟರ್ ಹೊರಗೆ ಸರಿಸಿ ಮತ್ತೆ ಇಪ್ಪತ್ತು ಸೆಕೆಂಡ್. ಹೀಗೆ ಐದಾರು ಜಾಗ. ಪ್ರತಿಯೊಂದರ ಆರಂಭದಲ್ಲೂ ಜಾಗದ ಹೆಸರನ್ನು ಬಾಯಿಬಿಟ್ಟು ಹೇಳಿ, ಆಮೇಲೆ ಯಾವುದು ಯಾವುದೆಂದು ತಡಕಾಡುವುದು ತಪ್ಪುತ್ತದೆ. ನಾನು ಮೊದಲ ಸಲ ಹೇಳಲಿಲ್ಲ. ಒಳ್ಳೆಯ ದನಿಯೊಂದು ಸಿಕ್ಕಿತು, ಅದು ಯಾವ ಜಾಗದ್ದೆಂದು ಇವತ್ತಿಗೂ ಗೊತ್ತಿಲ್ಲ. ಕೇಳುವಾಗ ಎಲ್ಲ ತುಣುಕುಗಳ ಜೋರನ್ನೂ ಸಮ ಮಾಡಿಕೊಳ್ಳಿ. ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ.

ಬಟ್ಟೆಯಿಂದ ದೂರವನ್ನೂ ಬದಲಿಸಿ ನೋಡಿ. ತೀರ ಹತ್ತಿರವಿದ್ದರೆ ಈ ಬಗೆಯ ಮೈಕ್ ಬಾಸನ್ನು ಉಬ್ಬಿಸುತ್ತದೆ. ನಾಲ್ಕು ಬೆರಳು ಹಿಂದಕ್ಕೆ ಎಳೆದರೆ ಉಬ್ಬು ಇಳಿಯುತ್ತದೆ. ಈಕ್ವಲೈಜರಿಗೆ (ಬಾಸ್, ಟ್ರೆಬಲ್ ಏರಿಳಿಸುವ ಸಾಧನ) ಕೈ ಹಾಕುವುದು ಇದೆಲ್ಲ ಮುಗಿದ ಮೇಲೆ.

ರಾತ್ರಿಪಾಳಿ:

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಅದು ಜೋರಾಗಿ ನುಡಿಸಲು ಅವಕಾಶವಿರುವವರ ಭಾಗ್ಯ. 15 ವ್ಯಾಟ್ ಸಣ್ಣದೆಂದು ಜನ ಭಾವಿಸುತ್ತಾರೆ. ಅದನ್ನು 1.5 ವ್ಯಾಟಿಗೆ ಇಳಿಸಿದರೂ ಕಡಿಮೆಯಾಗುವುದು 10 ಡೆಸಿಬೆಲ್, ಅಂದರೆ ಕಿವಿಗೆ ಹೆಚ್ಚುಕಡಿಮೆ ಅರ್ಧ. ಪಕ್ಕದ ಕೋಣೆಯಲ್ಲಿ ಮಲಗಿದವರಿಗೆ ಆ ಅರ್ಧವೇ ಸಾಕು.

ನಾನು ಲೋಡ್ ಬಾಕ್ಸ್ ಬಳಸುತ್ತೇನೆ. ಆಂಪ್ ಅದನ್ನೇ ಸ್ಪೀಕರ್ ಎಂದುಕೊಂಡು ದುಡಿಯುತ್ತದೆ, ಸದ್ದು ನೇರ ಕಂಪ್ಯೂಟರಿಗೆ ಹೋಗುತ್ತದೆ. ಅಲ್ಲಿ ಇಂಪಲ್ಸ್ ರೆಸ್ಪಾನ್ಸ್, ಅಂದರೆ ಒಂದು ಸ್ಪೀಕರ್ ಮತ್ತು ಮೈಕಿನ ದನಿಯ ಅಚ್ಚನ್ನು ಹಿಡಿದಿಟ್ಟ ಕಡತ, ಹಾಕಿದರೆ ಸ್ಪೀಕರ್ ಮತ್ತು ಮೈಕ್ ಎರಡರ ಕೆಲಸವೂ ಆಯಿತು. ಅದಿಲ್ಲದೆ ಕೇಳಿದರೆ ಕರ್ಕಶ. ಗಿಟಾರ್ ಸ್ಪೀಕರ್ 5 ಕಿಲೋಹರ್ಟ್ಜ್ ಮೇಲಿನದನ್ನು ಬಹುಪಾಲು ಕತ್ತರಿಸುವುದರಿಂದಲೇ ಡಿಸ್ಟಾರ್ಷನ್ (ಗೇನ್ ಏರಿಸಿದಾಗ ಬರುವ ಒರಟು ದನಿ) ಕಿವಿಗೆ ಹಿತವಾಗುವುದು. ಒಂದು ಎಚ್ಚರಿಕೆ: ವಾಲ್ವ್ ಆಂಪಿಗೆ ಸ್ಪೀಕರನ್ನೂ ಲೋಡನ್ನೂ ಜೋಡಿಸದೆ ಎಂದೂ ಚಾಲೂ ಮಾಡಿ ನುಡಿಸಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಹಳೆಯ ವಾಲ್ವ್:

ರಾತ್ರಿ ನುಡಿಸುವವರಿಗೆ ಅದೇ ದಾರಿ, ಒಪ್ಪಿದೆ. ಆದರೆ ಮುನ್ನೂರು ಇಂಪಲ್ಸ್ ರೆಸ್ಪಾನ್ಸ್‌ಗಳನ್ನು ಒಂದೊಂದಾಗಿ ಕೇಳುತ್ತ ಕೂರುವುದು ನನ್ನ ಮೂರು ಪೆಡಲ್‌ಗಳಷ್ಟೇ ದೊಡ್ಡ ಕಾಯಿಲೆ. ಎರಡನ್ನು ಇಟ್ಟುಕೊಂಡು ಉಳಿದವನ್ನು ಅಳಿಸಿ.

ಆರನೇ ತಂತಿ:

ನಾನು ಹಗಲಿನಲ್ಲಿ ನುಡಿಸಬಹುದು, ಹಾಗಾಗಿ ಕುರ್ಚಿಯ ದಾರಿ ಹಿಡಿದೆ. ಸ್ಪೀಕರಿನ ಎದುರು ಕುಳಿತು ಮೊದಲ ಸ್ವರ ನುಡಿಸಿದಾಗ ಮುಖ ಕಿವುಚಿದೆ. ಅದೇ ಜೇನ್ನೊಣ, ಆಂಪಿನೊಳಗೇ ಇತ್ತು! ಗೇನ್ 4ಕ್ಕೆ ಬಂದಿದೆ, ಟ್ರೆಬಲ್ 6ರಿಂದ 3ಕ್ಕೆ. ಟೇಪಿನ ಗುರುತಿನಿಂದ ಎರಡು ಸೆಂಟಿಮೀಟರ್ ಹೊರಗೆ, ಬಟ್ಟೆಯಿಂದ ಮೂರು ಬೆರಳು ದೂರದಲ್ಲಿ ದನಿ ಬೇರೆಯದೇ ಆಯಿತು.

ಈಗ ಅತಿಯಾಸೆ. ಗೆಳೆಯನೊಬ್ಬನ ಕಂಡೆನ್ಸರ್ ಮೈಕ್ ತಂದು ಒಂದಡಿ ಹಿಂದೆ ಇಟ್ಟೆ. ಒಂದೊಂದನ್ನೇ ಕೇಳಿದರೆ ಎರಡೂ ಚೆನ್ನ. ಸೇರಿಸಿದರೆ ಟೊಳ್ಳು, ಪೈಪಿನೊಳಗಿಂದ ಬಂದ ಹಾಗೆ. ಇನ್ನೊಂದು: ಗೇನ್ ಇಳಿಸಿದ್ದರಿಂದ ದನಿ ತೆಳುವಾಯಿತೇನೋ ಎನ್ನಿಸುತ್ತಿದೆ.

ಹಳೆಯ ವಾಲ್ವ್:

ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅಂದರೆ 34 ಸೆಂಟಿಮೀಟರಿಗೆ ಒಂದು ಮಿಲಿಸೆಕೆಂಡ್. ಎರಡು ಮೈಕ್‌ಗಳ ನಡುವೆ 17 ಸೆಂಟಿಮೀಟರ್ ವ್ಯತ್ಯಾಸವಿದ್ದರೆ ಅರ್ಧ ಮಿಲಿಸೆಕೆಂಡ್ ತಡ. 1 ಕಿಲೋಹರ್ಟ್ಜ್‌ನಲ್ಲಿ ಒಂದರ ಅಲೆ ಏರುವಾಗ ಇನ್ನೊಂದರದು ಇಳಿಯುತ್ತದೆ, ಎರಡೂ ಒಂದನ್ನೊಂದು ನುಂಗುತ್ತವೆ. 3, 5 ಕಿಲೋಹರ್ಟ್ಜ್‌ನಲ್ಲೂ ಅದೇ ಕಥೆ. ನಿಮ್ಮ ಟೊಳ್ಳು ಇದೇ. ಎರಡು ಮೈಕ್‌ಗಳ ಮೂತಿಯನ್ನೂ ಸ್ಪೀಕರಿನಿಂದ ಒಂದೇ ದೂರಕ್ಕೆ ತನ್ನಿ, ಅಥವಾ ಕಂಪ್ಯೂಟರಿನಲ್ಲಿ ಅಲೆಗಳನ್ನು ದೊಡ್ಡದಾಗಿ ಕಾಣುವಂತೆ ಮಾಡಿಕೊಂಡು, ಹಿಂದಿನ ಮೈಕಿನ ಟ್ರ್ಯಾಕನ್ನು ಆ ತಡದಷ್ಟು ಬೇಗ ಶುರುವಾಗುವಂತೆ ಜರುಗಿಸಿ. ನನ್ನನ್ನು ಕೇಳಿದರೆ, ಗೆಳೆಯನ ಮೈಕನ್ನು ಗೆಳೆಯನಿಗೇ ಹಿಂತಿರುಗಿಸಿ.

ತೆಳು ಎನ್ನಿಸಿದ್ದಕ್ಕೆ ಮದ್ದು ಗೇನ್ ಅಲ್ಲ. ಅದೇ ಭಾಗವನ್ನು ಇನ್ನೊಮ್ಮೆ ನುಡಿಸಿ, ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಹಾಕಿ. ಮೊದಲನೆಯದರ ನಕಲು ಕೂಡದು. ನಕಲನ್ನು ಎರಡೂ ಕಡೆ ಇಟ್ಟರೆ ನಡುವಿನಲ್ಲೇ ಜೋರಾಗುತ್ತದೆ, ಅಷ್ಟೇ. ಎರಡು ಸಲದ ನುಡಿಸುವಿಕೆಯಲ್ಲಿ ಕೈಯ ಸಣ್ಣಪುಟ್ಟ ಏರುಪೇರು ಇರುತ್ತದಲ್ಲ, ದಪ್ಪ ಬರುವುದು ಅದರಿಂದ.

ಇನ್ನು, ಕೇಳುವ ಜೋರು. ತಗ್ಗಿದ ಜೋರಿನಲ್ಲಿ ನಮ್ಮ ಕಿವಿಗೆ ಬಾಸ್ ಕಡಿಮೆ ಕೇಳುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಅಳೆದು ತೋರಿಸಿದ್ದಾರೆ. ಆಂಪನ್ನು ಗರ್ಜಿಸಲು ಬಿಟ್ಟು, ರೆಕಾರ್ಡಿಂಗನ್ನು ಪಿಸುಮಾತಿನಷ್ಟು ಜೋರಿನಲ್ಲಿ ಕೇಳಿದರೆ ಹೋಲಿಕೆ ನ್ಯಾಯವಲ್ಲ.

ಆರನೇ ತಂತಿ:

ಮೈಕ್ ಹಿಂತಿರುಗಿಸಿದೆ. ಎಡ-ಬಲ ಎರಡು ಸಲ ನುಡಿಸಿದೆ. ಎರಡನೆಯ ಸಲ ನನ್ನ ತಾಳ ಎಷ್ಟು ಸಡಿಲವೆಂದು ತಿಳಿದು ನಾಚಿಕೆಯಾಯಿತು, ಹದಿನಾಲ್ಕನೆಯ ಪ್ರಯತ್ನಕ್ಕೆ ಕೂಡಿಬಂತು. ಒಂದೇ ತೊಡಕು ಉಳಿದಿದೆ. ಐದನೇ ತಂತಿಯನ್ನು ಎಲ್ಲೂ ಒತ್ತದೆ ಹಾಗೆಯೇ ಮೀಟಿದಾಗ ಮಾತ್ರ ಸಣ್ಣ ಜರ್ ಎನ್ನುವ ಸದ್ದು. ಸ್ಪೀಕರ್ ಹರಿದಿದೆಯೇ?

ಹಳೆಯ ವಾಲ್ವ್:

ಒಂದೇ ಸ್ವರಕ್ಕೆ ಬರುತ್ತಿದ್ದರೆ ಮೊದಲು ಕೋಣೆಯನ್ನು ಅನುಮಾನಿಸಿ. ಆ ತಂತಿಯ ಕಂಪನಾಂಕವಾದ 110 ಹರ್ಟ್ಜ್‌ಗೆ ಏನೋ ಅದುರುತ್ತಿದೆ. ಯಾರನ್ನಾದರೂ ಆ ತಂತಿ ಮೀಟುತ್ತಿರಲು ಹೇಳಿ, ನೀವು ಒಂದೊಂದೇ ವಸ್ತುವಿನ ಮೇಲೆ ಅಂಗೈ ಇಟ್ಟು ನೋಡಿ.

ಆರನೇ ತಂತಿ:

ಕಿಟಕಿಯ ಎಡಗಡೆಯ ಗಾಜು. ಕಾಗದ ಮಡಚಿ ಸಿಕ್ಕಿಸಿದ್ದೇನೆ.