ಲಿಸ್ಟ್‌ನಲ್ಲಿ ಕಾಣುವ ಗಿಗ್‌ಇ ಕ್ಯಾಮೆರಾ ಓಪನ್ ಆಗುತ್ತಿಲ್ಲ, ಚಿತ್ರವೂ ಅರ್ಧಂಬರ್ಧ

ಪ್ರಶ್ನೆ:
ಎರಡು ಗಿಗ್‌ಇ ವಿಷನ್ ಕ್ಯಾಮೆರಾ (ನೆಟ್‌ವರ್ಕ್ ಕೇಬಲಿನಲ್ಲೇ ಚಿತ್ರ ಕಳಿಸುವ ಕೈಗಾರಿಕಾ ಕ್ಯಾಮೆರಾ), 2448×2048, ಮೊನೊ 8 (ಕಪ್ಪುಬಿಳುಪು, ಪಿಕ್ಸೆಲ್‌ಗೆ ಒಂದು ಬೈಟ್), ತಲಾ ಸೆಕೆಂಡಿಗೆ 20 ಫ್ರೇಮ್. ಎರಡೂ ಒಂದೇ ಪಿಒಇ ಸ್ವಿಚ್‌ಗೆ (ಕೇಬಲಿನಲ್ಲೇ ಪವರ್ ಕೊಡುವ ಸ್ವಿಚ್), ಅಲ್ಲಿಂದ ಒಂದೇ ಕೇಬಲ್ ಪಿಸಿಯ ಗಿಗಾಬಿಟ್ ಪೋರ್ಟ್‌ಗೆ (192.168.1.10). ಪಿಸಿಯ ಇನ್ನೊಂದು ಪೋರ್ಟ್ ಆಫೀಸ್ ನೆಟ್‌ವರ್ಕ್‌ನಲ್ಲಿದೆ (192.168.1.45). ಮೊದಲ ಕ್ಯಾಮೆರಾ 192.168.1.20, ಒಮ್ಮೊಮ್ಮೆ ಮಾತ್ರ ಓಪನ್ ಆಗುತ್ತದೆ. ಎರಡನೆಯದು 169.254ರಿಂದ ಶುರುವಾಗುವ ಐಪಿಯಲ್ಲಿ (ಯಾರೂ ಐಪಿ ಕೊಡದಿದ್ದಾಗ ಸಾಧನ ತಾನೇ ಹಾಕಿಕೊಳ್ಳುವುದು) ಲಿಸ್ಟ್‌ಗೆ ಬರುತ್ತದೆ, ಓಪನ್ ಮಾಡಿದರೆ ಎರರ್. ಐಪಿ ಫೋರ್ಸ್ ಮಾಡಿದರೆ (ಪಿಸಿಯಿಂದಲೇ ತಾತ್ಕಾಲಿಕ ಐಪಿ ಹೇರಿದರೆ) ಸರಿಹೋಗುತ್ತದೆ, ಪವರ್ ಹೋಗಿ ಬಂದರೆ ಮತ್ತೆ ಮೊದಲಿನಂತೆ. ಎರಡನ್ನೂ ಒಟ್ಟಿಗೆ ಓಡಿಸಿದರೆ ಚಿತ್ರದ ಕೆಳಭಾಗ ಕಪ್ಪು.

ಉತ್ತರ 1:
ಓಪನ್ ಆಗದಿರುವುದು ಐಪಿಯ ಗೊಂದಲ. ಕ್ಯಾಮೆರಾ ಹುಡುಕುವ ಸಂದೇಶ ಬ್ರಾಡ್‌ಕಾಸ್ಟ್ (ಎಲ್ಲರಿಗೂ ಒಟ್ಟಿಗೆ ಹೋಗುವಂಥದ್ದು) ಆದ್ದರಿಂದ ಬೇರೆ ಸಬ್‌ನೆಟ್‌ನಲ್ಲಿದ್ದರೂ (ಬೇರೆ ಐಪಿ ಗುಂಪಿನಲ್ಲಿದ್ದರೂ) ಲಿಸ್ಟ್‌ನಲ್ಲಿ ಕಾಣುತ್ತದೆ. ಓಪನ್ ಮಾಡುವ ಆದೇಶ ಮಾತ್ರ ನೇರ ಆ ಐಪಿಗೇ ಹೋಗಬೇಕು. ಫೋರ್ಸ್ ಮಾಡಿದ ಐಪಿ ಪವರ್ ಇರುವವರೆಗಷ್ಟೇ. ಪರ್ಸಿಸ್ಟೆಂಟ್ (ಪವರ್ ಹೋದರೂ ಉಳಿಯುವ) ಐಪಿ ಎಂದು ಕ್ಯಾಮೆರಾದಲ್ಲೇ ಸೇವ್ ಮಾಡಿ, ಆ ಆಯ್ಕೆಯನ್ನು ಆನ್ ಕೂಡ ಮಾಡಿ. ಇದನ್ನು ಮರೆಯುವವರೇ ಹೆಚ್ಚು.

ಮೊದಲ ಕ್ಯಾಮೆರಾದ ಆಟಕ್ಕೆ ಕಾರಣ, ಪಿಸಿಯ ಎರಡೂ ಪೋರ್ಟ್ ಒಂದೇ ಸಬ್‌ನೆಟ್‌ನಲ್ಲಿರುವುದು. ಯಾವ ಪೋರ್ಟಿನಿಂದ ಕಳಿಸಬೇಕೆಂದು ಪಿಸಿಗೆ ಖಚಿತವಿರುವುದಿಲ್ಲ. ಕ್ಯಾಮೆರಾ ಪೋರ್ಟನ್ನು 192.168.50.10 ಮಾಡಿ, ಕ್ಯಾಮೆರಾಗಳಿಗೆ 192.168.50.20 ಮತ್ತು 21 ಕೊಡಿ, ಮಾಸ್ಕ್ 255.255.255.0, ಗೇಟ್‌ವೇ ಖಾಲಿ. ಓಪನ್ ಆಗಿಯೂ ಚಿತ್ರವೇ ಬರದಿದ್ದರೆ ಆ ಪೋರ್ಟಿನ ಫೈರ್‌ವಾಲ್ ನೋಡಿ, ಚಿತ್ರದ ಯುಡಿಪಿ ಪ್ಯಾಕೆಟ್‌ಗಳು (ಚಿತ್ರ ಹೊತ್ತು ಬರುವ ಡೇಟಾ ತುಣುಕುಗಳು) ಅಲ್ಲೇ ನಿಲ್ಲುತ್ತವೆ.

ಉತ್ತರ 2:
ಕಪ್ಪು ಭಾಗದ್ದು ಬರೀ ಲೆಕ್ಕ. 2448×2048 ಅಂದರೆ ಫ್ರೇಮಿಗೆ ಸುಮಾರು 50 ಲಕ್ಷ ಬೈಟ್. 20 ಫ್ರೇಮಿಗೆ ಸೆಕೆಂಡಿಗೆ 100 ಎಂಬಿ (ಮೆಗಾಬೈಟ್), ಎರಡು ಕ್ಯಾಮೆರಾಗೆ 200. ಗಿಗಾಬಿಟ್ ಕೇಬಲಿನ ಮಿತಿಯೇ 125. ನೆಟ್‌ವರ್ಕಿನ ಯಾವ ಸೆಟ್ಟಿಂಗ್ ಬದಲಿಸಿದರೂ ಇದು ಅದರಲ್ಲಿ ಹಿಡಿಸುವುದಿಲ್ಲ. ತಲಾ 10 ಫ್ರೇಮಿಗೆ ಇಳಿಸಿ, ಇಲ್ಲವೇ ಕ್ಯಾಮೆರಾಗೊಂದು ಪೋರ್ಟ್ ಕೊಡಿ (ಆಗ ಪ್ರತಿ ಪೋರ್ಟಿಗೂ ಬೇರೆ ಸಬ್‌ನೆಟ್).

ಇಳಿಸಿದ ಮೇಲೂ ಎರಡೂ ಒಂದೇ ಟ್ರಿಗರ್‌ಗೆ (ಚಿತ್ರ ತೆಗೆಯುವ ಸಂಕೇತಕ್ಕೆ) ಒಟ್ಟಿಗೆ ಕಳಿಸಿದರೆ ಸ್ವಿಚ್ಚಿನ ಬಫರ್ ತುಂಬಿ ಪ್ಯಾಕೆಟ್ ಬೀಳುತ್ತದೆ. ಪ್ಯಾಕೆಟ್‌ಗಳ ನಡುವೆ ಅಂತರ ಹಾಕಿ: 9000 ಬೈಟಿನ ಪ್ಯಾಕೆಟ್ ಹೋಗಲು 72 ಮೈಕ್ರೊಸೆಕೆಂಡ್ ಬೇಕು, ಎರಡು ಕ್ಯಾಮೆರಾ ಇದ್ದರೆ ಹೆಚ್ಚುಕಡಿಮೆ ಅಷ್ಟೇ ಬಿಡುವು. ಜಂಬೊ ಫ್ರೇಮ್ (ಇಂಥ ದೊಡ್ಡ ಪ್ಯಾಕೆಟ್ ಬಿಡುವ ಆಯ್ಕೆ) ಪಿಸಿ, ಸ್ವಿಚ್, ಕ್ಯಾಮೆರಾ ಮೂರರಲ್ಲೂ ಆನ್ ಇರಲಿ. ಸ್ವಿಚ್ಚಿನಲ್ಲೊಂದೇ ಬಿಟ್ಟುಹೋದರೂ ಕ್ಯಾಮೆರಾ ಓಪನ್ ಆಗುತ್ತದೆ, ಚಿತ್ರ ಮಾತ್ರ ಬರುವುದಿಲ್ಲ. ನೆಟ್‌ವರ್ಕ್ ಕಾರ್ಡಿನ ರಿಸೀವ್ ಬಫರ್ ಗರಿಷ್ಠಕ್ಕೆ ಏರಿಸಿ.

ಪ್ರಶ್ನೆ ಕೇಳಿದವರು:
ಐಪಿ ಸರಿಯಾಯಿತು, 10 ಫ್ರೇಮಿನಲ್ಲಿ ಮೊದಲನೆಯದು ಚೆನ್ನಾಗಿದೆ. ಎರಡನೆಯದರ ಸ್ವಿಚ್ ಪೋರ್ಟ್ ಮಾತ್ರ 100 ಎಂಬಿಪಿಎಸ್ (ಮೆಗಾಬಿಟ್, ಗಿಗಾಬಿಟ್‌ನ ಹತ್ತನೇ ಒಂದು) ತೋರಿಸುತ್ತಿದೆ. ಅದರ ಕೇಬಲ್ ಮೋಟರ್ ಕೇಬಲ್ ಜೊತೆ ಒಂದೇ ಟ್ರೇಯಲ್ಲಿದೆ.

ಉತ್ತರ 1:
ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡು ಸಾಕು. 100ಕ್ಕೆ ಬೇಡದ ಜೋಡಿಗಳಲ್ಲಿ ಒಂದು ಕಡಿದರೂ ಲಿಂಕ್ 100ಕ್ಕೆ ಇಳಿದು ಸುಮ್ಮನೆ ಓಡುತ್ತಿರುತ್ತದೆ. ಎರಡೂ ಕ್ಯಾಮೆರಾದ ಕೇಬಲನ್ನು ಎರಡೂ ತುದಿಯಲ್ಲಿ ಅದಲುಬದಲು ಮಾಡಿ. 100 ಕೇಬಲಿನ ಜೊತೆ ಹೋದರೆ ಕೇಬಲ್, ಕ್ಯಾಮೆರಾದಲ್ಲೇ ಉಳಿದರೆ ಕನೆಕ್ಟರ್ ಅಥವಾ ಸ್ವಿಚ್ ಪೋರ್ಟ್ ನೋಡಿ. ಎಂ12 (ತಿರುಗಿಸಿ ಬಿಗಿಯುವ ದುಂಡು) ಕನೆಕ್ಟರ್ ಆದರೆ ಎಕ್ಸ್ ಕೋಡ್ (ನಾಲ್ಕೂ ಜೋಡಿಯ ಪಿನ್ ಇರುವ ಬಗೆ) ಇರಬೇಕು, ಡಿ ಕೋಡ್‌ನಲ್ಲಿ ಎರಡೇ ಜೋಡಿ. ಹೊಸ ಕೇಬಲ್ ಶೀಲ್ಡ್ ಇರುವುದೇ ಆಗಲಿ, ಮೋಟರ್ ಕೇಬಲಿನಿಂದ ದೂರವಿರಲಿ, ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿ.