ಪಿಕಪ್‌ನ ಫಿಲ್ಟರ್ ಬದಲಿಸುವ ಮೊದಲು ಸೆನ್ಸರನ್ನು ಪರೀಕ್ಷಿಸಿ

ಭಾವ, ನಿನ್ನೆ ರಾತ್ರಿ ನೀವು ಗುಂಪಿನಲ್ಲಿ ಹಾಕಿದ ವಿಡಿಯೋವನ್ನೂ ಗಾಡಿಯ ದೋಷ ಓದುವ ಸ್ಕ್ಯಾನರ್ ಪರದೆಯ ಫೋಟೋವನ್ನೂ ಸಾವಕಾಶವಾಗಿ ನೋಡಿದೆ. ಉಳಿದವರಿಗೂ ತಿಳಿಯಲೆಂದು ಸಂಗತಿಯನ್ನು ಒಮ್ಮೆ ಹೇಳಿಬಿಡುತ್ತೇನೆ. ಅರಕಲಗೂಡಿನಿಂದ ಹಾಸನದ ಮಾರುಕಟ್ಟೆಗೆ ಆಲೂಗಡ್ಡೆ ಸಾಗಿಸುವ ನಿಮ್ಮ ಬಿಎಸ್ 6 (ಹೊಗೆ ಮಾಲಿನ್ಯದ ಭಾರತ್ ಸ್ಟೇಜ್ 6 ನಿಯಮದ) ಪಿಕಪ್‌ನಲ್ಲಿ ಡಿಪಿಎಫ್, ಅಂದರೆ ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರಿನ ದೀಪ ಹೊತ್ತಿಕೊಂಡಿದೆ, ಏರಿನಲ್ಲಿ ಗಾಡಿ ಎಳೆಯುತ್ತಿಲ್ಲ, ಮೈಲೇಜ್ ಕುಸಿದಿದೆ, ಸ್ಕ್ಯಾನರ್‌ನಲ್ಲಿ ಪಿ 2453 ಮತ್ತು ಪಿ 2463 ಎಂಬ ಎರಡು ದೋಷದ ಕೋಡ್‌ಗಳು ಬಂದಿವೆ. ಫಿಲ್ಟರ್ ತುಂಬಿಹೋಗಿದೆ, ಹೊಸದನ್ನೇ ಹಾಕಬೇಕು, ಅಷ್ಟು ಹಣವಿಲ್ಲದಿದ್ದರೆ ಅದನ್ನು ಕಿತ್ತು ನೇರ ಪೈಪ್ ಕೂರಿಸಿಕೊಡುತ್ತೇವೆ ಎಂದು ಗ್ಯಾರೇಜಿನವರು ಹೇಳಿದ್ದಾರೆ. ನನ್ನ ಕೋರಿಕೆ ಒಂದೇ: ಒತ್ತಡದ ಸೆನ್ಸರ್, ಅದರ ಎರಡು ಕೊಳವೆಗಳು ಮತ್ತು ಅದರ ವೈರಿಂಗ್ ಇವಿಷ್ಟನ್ನು ಪರೀಕ್ಷಿಸಿ ಮುಗಿಯುವವರೆಗೆ ಫಿಲ್ಟರಿಗೆ ಕೈಹಾಕಲು ಯಾರಿಗೂ ಒಪ್ಪಿಗೆ ಕೊಡಬೇಡಿ. ಹೀಗೆ ಹೇಳಲು ಕಾರಣ ನಿಮ್ಮ ವಿಡಿಯೋದಲ್ಲೇ ಇದೆ.

2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿಎಸ್ 6 ನಿಯಮ ಜಾರಿಗೆ ಬಂದ ಮೇಲೆ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಈ ಸೆರಾಮಿಕ್ ಫಿಲ್ಟರ್ ಬಂದು ಕೂತಿದೆ. ಅದರೊಳಗೆ ನೂರಾರು ಸಣ್ಣ ನಾಳಗಳಿದ್ದು, ಒಂದು ನಾಳ ಮುಂದಿನ ತುದಿಯಲ್ಲಿ ಮುಚ್ಚಿದ್ದರೆ ಅದರ ಪಕ್ಕದ್ದು ಹಿಂದಿನ ತುದಿಯಲ್ಲಿ ಮುಚ್ಚಿರುತ್ತದೆ. ಆದ್ದರಿಂದ ಹೊಗೆಯು ನಾಳದ ಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕವೇ ಹಾದುಹೋಗಬೇಕಾಗುತ್ತದೆ, ಮಸಿ ಗೋಡೆಯಲ್ಲೇ ಉಳಿಯುತ್ತದೆ. ಮಸಿ ಒಂದು ಮಟ್ಟಕ್ಕೆ ಸೇರಿದಾಗ ಎಂಜಿನ್‌ನ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಸ್ವಲ್ಪ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ, ಫಿಲ್ಟರಿನ ಬಿಸಿಯನ್ನು 600 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಏರಿಸಿ ಆ ಮಸಿಯನ್ನು ಸುಡುತ್ತದೆ. ರೀಜನರೇಷನ್ ಎನ್ನುವುದು ಇದನ್ನೇ. ಯಾವಾಗ ಸುಡಬೇಕೆಂದು ತೀರ್ಮಾನಿಸಲು ಇಸಿಯು ಗಾಡಿ ಓಡಿದ ರೀತಿಯ ಲೆಕ್ಕವನ್ನೂ, ಫಿಲ್ಟರಿನ ಮುಂದೆ ಮತ್ತು ಹಿಂದೆ ಇರುವ ಒತ್ತಡದ ವ್ಯತ್ಯಾಸವನ್ನೂ ನೋಡುತ್ತದೆ. ಆ ವ್ಯತ್ಯಾಸವನ್ನು ಅಳೆದು ಹೇಳುವುದೇ ಈಗ ನಮ್ಮ ಅನುಮಾನಕ್ಕೆ ಗುರಿಯಾಗಿರುವ ಸೆನ್ಸರ್.

ಎರಡು ಕೋಡ್‌ಗಳಲ್ಲಿ ಪಿ 2463 ಎಂದರೆ ಮಸಿ ಮಿತಿಮೀರಿ ಸೇರಿದೆ ಎಂದರ್ಥ. ಗ್ಯಾರೇಜಿನವರು ಓದಿ ಹೇಳಿದ್ದು ಇದೊಂದನ್ನೇ. ಪಿ 2453 ಎಂದರೆ ಒತ್ತಡದ ಸೆನ್ಸರ್ ಕೊಡುತ್ತಿರುವ ಅಂಕಿ ನಂಬುವಂತಿಲ್ಲ ಎಂದು ಇಸಿಯು ತಾನೇ ದೂರುತ್ತಿದೆ. ಈ ಎರಡೂ ಒಟ್ಟಿಗೆ ಬಂದಾಗ ಸೆನ್ಸರಿನ ಕೋಡನ್ನು ಮೊದಲು ಬಗೆಹರಿಸಬೇಕು, ಏಕೆಂದರೆ ಮಸಿಯ ಲೆಕ್ಕದ ಒಂದು ಪಾಲು ಆ ಸೆನ್ಸರಿನ ಅಂಕಿಯ ಮೇಲೆಯೇ ನಿಂತಿದೆ. ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸದೆ ತೀರ್ಪು ಬರೆದಂತೆ ಈಗ ಫಿಲ್ಟರಿಗೆ ಶಿಕ್ಷೆ ವಿಧಿಸಲು ಹೊರಟಿದ್ದಾರೆ. ನಿಮ್ಮ ವಿಡಿಯೋದ ಕೊನೆಯಲ್ಲಿ ಹುಡುಗ ಎಂಜಿನ್ ನಿಲ್ಲಿಸಿ ಕೀಲಿಯನ್ನು ಮತ್ತೆ ಆನ್ ಮಾಡಿದಾಗಲೂ ಪರದೆಯ ಮೇಲೆ ಒತ್ತಡದ ವ್ಯತ್ಯಾಸ 3.8 ಕಿಲೋಪಾಸ್ಕಲ್ ಎಂದೇ ತೋರುತ್ತಿದೆ. ಎಂಜಿನ್ ನಿಂತಿದೆ, ಹೊಗೆ ಹರಿಯುತ್ತಿಲ್ಲ. ಫಿಲ್ಟರ್ ಪೂರ್ತಿ ಕಟ್ಟಿಕೊಂಡಿದ್ದರೂ ಆಗ ಮುಂದಿನ ಮತ್ತು ಹಿಂದಿನ ಒತ್ತಡ ಒಂದೇ ಆಗಿರಬೇಕು, ಅಂಕಿ ಸೊನ್ನೆಯ ಹತ್ತಿರಕ್ಕೆ ಇಳಿಯಬೇಕು. ಹಾಗಾಗಿ ಆ 3.8 ಎಂಬುದು ಫಿಲ್ಟರಿನ ಬಗ್ಗೆ ಏನನ್ನೂ ಹೇಳುತ್ತಿಲ್ಲ.

ಇಷ್ಟರಿಂದಲೇ ಫಿಲ್ಟರ್ ಶುದ್ಧವಾಗಿದೆ ಎಂದೂ ನಾನು ಹೇಳಲಾರೆ. ಸೆನ್ಸರ್ ಸದಾ ಹೆಚ್ಚು ತೋರಿಸುತ್ತಿದ್ದರೆ ಇಸಿಯು ಪದೇಪದೇ ರೀಜನರೇಷನ್‌ಗೆ ಕೈಹಾಕುತ್ತದೆ, ಅದಕ್ಕಾಗಿ ಡೀಸೆಲ್ ಸುರಿಯುತ್ತದೆ, ಮೈಲೇಜ್ ಬೀಳುತ್ತದೆ. ಕೆಲವು ಗಾಡಿಗಳಲ್ಲಿ ಸೆನ್ಸರ್ ಕೋಡ್ ಬಂದ ಕೂಡಲೇ ರೀಜನರೇಷನ್ ಅನ್ನೇ ತಡೆಹಿಡಿಯುವುದರಿಂದ ಚೆನ್ನಾಗಿದ್ದ ಫಿಲ್ಟರ್ ಕೂಡ ದಿನದಿಂದ ದಿನಕ್ಕೆ ನಿಜವಾಗಿಯೇ ತುಂಬತೊಡಗುತ್ತದೆ. ಅಂಥ ಮಸಿಯನ್ನು ಸುಡಬಹುದು. ಆದರೆ ಸೆನ್ಸರ್ ದೋಷವನ್ನು ಹಾಗೆಯೇ ಬಿಟ್ಟು ಹೊಸ ಫಿಲ್ಟರ್ ಹಾಕಿದರೆ ಅದರ ಗತಿಯೂ ಇದೇ ಆಗುತ್ತದೆ.

ಪರೀಕ್ಷೆಯನ್ನು ಕೊಳವೆಗಳಿಂದ ಆರಂಭಿಸಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ನೋಡಿ. ಫಿಲ್ಟರಿನ ಸುತ್ತ ಕೈ ಸುಡುವಷ್ಟು ಬಿಸಿ ಬಹಳ ಹೊತ್ತು ಇರುತ್ತದೆ. ಫಿಲ್ಟರಿನ ಮುಂಭಾಗದಿಂದ ಒಂದು, ಹಿಂಭಾಗದಿಂದ ಒಂದು, ಹೀಗೆ ಎರಡು ಸಣ್ಣ ಕೊಳವೆಗಳು ಮೇಲೇರಿ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾದ ಪ್ಲಾಸ್ಟಿಕ್ ಸೆನ್ಸರಿಗೆ ಸೇರುತ್ತವೆ. ಬಿಡಿಸುವ ಮೊದಲೇ ಯಾವ ಕೊಳವೆ ಯಾವ ಬಾಯಿಗೆ ಎಂದು ಫೋಟೋ ತೆಗೆದಿಟ್ಟುಕೊಳ್ಳಿ, ಅದಲುಬದಲಾದರೆ ಸೆನ್ಸರ್ ಸರಿಯಿದ್ದರೂ ಅಂಕಿ ತಲೆಕೆಳಗಾಗುತ್ತದೆ. ಈಗ ಕೀಲಿ ಆನ್ ಮಾಡಿ, ಎಂಜಿನ್ ಚಾಲೂ ಮಾಡದೆ, ಎರಡೂ ಕೊಳವೆಗಳನ್ನು ಸೆನ್ಸರಿನಿಂದ ಬಿಡಿಸಿ ಸ್ಕ್ಯಾನರ್ ನೋಡಿ. ಈ ಹೊಣೆಯನ್ನು ಬೇರೆಯವರಿಗೆ ಬಿಡದೆ ನೀವೇ ನಿಂತು ನೋಡಬೇಕೆಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಇಡೀ ಪ್ರಕರಣ ಇಲ್ಲಿ ಎರಡು ದಾರಿಯಾಗಿ ಒಡೆಯುತ್ತದೆ. ಕೊಳವೆ ಬಿಡಿಸಿದ ಕೂಡಲೇ 3.8 ಇದ್ದದ್ದು ಸೊನ್ನೆಗೆ ಬಂದರೆ ಸೆನ್ಸರ್ ಸರಿಯಾಗಿಯೇ ಇದೆ, ದೋಷ ಕೊಳವೆಯಲ್ಲಿದೆ: ಹೊಗೆಯಲ್ಲಿನ ನೀರಾವಿ ತಣಿದು ನೀರಾಗಿ, ಮಸಿಯೊಂದಿಗೆ ಬೆರೆತು ಬಿರಟೆಯಾಗಿ ನಿಂತರೆ ಒಳಗೆ ಸಿಕ್ಕಿಕೊಂಡ ಒತ್ತಡ ಎಂಜಿನ್ ನಿಂತ ಮೇಲೂ ಇಳಿಯದೆ ಉಳಿಯುತ್ತದೆ. ಕೊಳವೆ ಎಲ್ಲಾದರೂ ಜೋತುಬಿದ್ದು ತಗ್ಗು ಮಾಡಿಕೊಂಡಿದ್ದರೆ ನೀರು ನಿಲ್ಲುವುದು ಅಲ್ಲಿಯೇ. ಸೆನ್ಸರಿನಿಂದ ಫಿಲ್ಟರಿನವರೆಗೆ ಅದು ಒಂದೇ ಇಳಿಜಾರಿನಲ್ಲಿ ಇರಬೇಕು. ಬಿರುಕು, ಕರಗಿದ ಗುರುತು, ಸಡಿಲವಾದ ಕ್ಲಿಪ್ ಇವೆಯೇ ಎಂದೂ ಬೆರಳಾಡಿಸಿ ನೋಡಿ. ಕಟ್ಟಿಕೊಂಡ ಲೋಹದ ನಳಿಕೆಯನ್ನು ಫಿಲ್ಟರಿನ ಕಡೆಗೆ ಗಾಳಿ ಊದಿ ಬಿಡಿಸಬಹುದು, ಆದರೆ ಸೆನ್ಸರ್ ಬಿಡಿಸಿಟ್ಟ ಮೇಲೆ ಮಾತ್ರ. ಕಂಪ್ರೆಸರ್ ಗಾಳಿ ನೇರವಾಗಿ ಸೆನ್ಸರಿಗೆ ನುಗ್ಗಿದರೆ ಒಳಗಿನ ಪೊರೆ ಹಾಳಾಗುತ್ತದೆ.

ಕೊಳವೆ ಬಿಡಿಸಿದರೂ ಅಂಕಿ ಹಾಗೆಯೇ ನಿಂತರೆ ದೋಷ ಸೆನ್ಸರಿನಲ್ಲಿದೆ ಅಥವಾ ವೈರಿಂಗ್‌ನಲ್ಲಿದೆ. ಇದಕ್ಕೆ ಒಂದು ಮಲ್ಟಿಮೀಟರ್ ಸಾಕು. ಸಾಮಾನ್ಯವಾಗಿ ಈ ಸೆನ್ಸರಿಗೆ ಮೂರು ವೈರ್‌ಗಳಿರುತ್ತವೆ, ಒಂದರಲ್ಲಿ ಇಸಿಯು ಕೊಡುವ 5 ವೋಲ್ಟ್, ಒಂದು ಅರ್ಥ್, ಒಂದು ಸಿಗ್ನಲ್. ಐದು ವೋಲ್ಟ್ ಸರಿಯಾಗಿ ಬರುತ್ತಿದೆಯೇ, ಅರ್ಥ್ ಗಟ್ಟಿಯಾಗಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಬಹಳಷ್ಟು ಗಾಡಿಗಳಲ್ಲಿ ಒಂದೇ 5 ವೋಲ್ಟ್ ಸಾಲನ್ನು ಹಲವು ಸೆನ್ಸರ್‌ಗಳು ಹಂಚಿಕೊಳ್ಳುವುದರಿಂದ ಬೇರೊಂದು ಸೆನ್ಸರ್ ಶಾರ್ಟ್ ಆದರೂ ಇಲ್ಲಿನ ಅಂಕಿ ಕೆಡಬಹುದು. ಬಳಿಕ ಕೊಳವೆ ಬಿಡಿಸಿಟ್ಟೇ ಸಿಗ್ನಲ್ ವೈರನ್ನು ಕನೆಕ್ಟರಿನ ಹಿಂಬದಿಯಿಂದ ಅಳೆಯಿರಿ. ಸೊನ್ನೆ ಒತ್ತಡದಲ್ಲಿ ಅನೇಕ ಸೆನ್ಸರ್‌ಗಳು ಅರ್ಧ ವೋಲ್ಟಿನಿಂದ ಒಂದು ವೋಲ್ಟಿನ ನಡುವೆ ನಿಲ್ಲುತ್ತವೆ. ಅಲ್ಲಿಂದ ಮುಂಭಾಗದ ಬಾಯಿಗೆ ಸಣ್ಣ ಸಿರಿಂಜಿನಿಂದ ಮೆಲ್ಲಗೆ ಗಾಳಿ ಒತ್ತಿದರೆ ವೋಲ್ಟೇಜ್ ತಡೆಯಿಲ್ಲದೆ ಏರಬೇಕು, ಬಿಟ್ಟರೆ ಅದೇ ಜಾಗಕ್ಕೆ ಇಳಿಯಬೇಕು. ಏರಿ ಅಲ್ಲೇ ಸಿಕ್ಕಿಕೊಂಡರೆ, ಅಥವಾ ಅಲುಗಾಡದೇ ಇದ್ದರೆ, ಸೆನ್ಸರ್ ಹೋಗಿದೆ ಎಂದು ತಿಳಿಯಿರಿ. ಮೀಟರಿನಲ್ಲಿ ಸರಿಯಾದ ವೋಲ್ಟೇಜ್ ಕಂಡು ಸ್ಕ್ಯಾನರ್‌ನಲ್ಲಿ ಮಾತ್ರ ತಪ್ಪು ಅಂಕಿ ಬಂದರೆ ನಡುವಿನ ವೈರಿಂಗ್ ಹುಡುಕಬೇಕು. ನಿಮ್ಮ ಪಿಕಪ್ ರಾತ್ರಿ ನಿಲ್ಲುವುದು ಆಲೂಗಡ್ಡೆ ಮೂಟೆಗಳ ಪಕ್ಕದ ಶೆಡ್ಡಿನಲ್ಲಿ. ಇಲಿ ಕಡಿದ ವೈರ್‌ಗಳನ್ನು ನಾನು ಇಂಥ ಗಾಡಿಗಳಲ್ಲಿ ಕಾಣುತ್ತಲೇ ಇರುತ್ತೇನೆ, ಆದ್ದರಿಂದ ಹೊದಿಕೆ ಬಿಚ್ಚಿ ಕಣ್ಣಾರೆ ನೋಡುವುದನ್ನು ಬಿಡಬೇಡಿ.

ಹೊಸ ಸೆನ್ಸರ್ ಹಾಕುವುದೇ ಆದರೆ ಸ್ಕ್ಯಾನರಿನಿಂದ ಹಳೆಯ ಸೆನ್ಸರಿಗಾಗಿ ಇಸಿಯು ನೆನಪಿಟ್ಟುಕೊಂಡ ಅಂಕಿಯನ್ನು ಅಳಿಸಿ ಹೊಸದಕ್ಕೆ ಸೊನ್ನೆ ಹೊಂದಿಸಬೇಕೆಂದು ಗ್ಯಾರೇಜಿನವರಿಗೆ ಹೇಳಿ. ಅನೇಕ ಗಾಡಿಗಳಲ್ಲಿ ಈ ಕೆಲಸ ಮಾಡದಿದ್ದರೆ ದೀಪ ಮತ್ತೆ ಬರುತ್ತದೆ, ಸೆನ್ಸರ್ ಬದಲಿಸಿದರೂ ಪ್ರಯೋಜನವಾಗಲಿಲ್ಲ, ಫಿಲ್ಟರೇ ಕಾರಣ ಎಂದು ಮತ್ತೆ ಅದೇ ಮಾತಿಗೆ ಬರುತ್ತಾರೆ.

ಅಂಕಿ ನಂಬುವಂತಾದ ಮೇಲೆಯೇ ಫಿಲ್ಟರಿನ ಸ್ಥಿತಿಯನ್ನು ವಿಚಾರಿಸಬೇಕು. ಎಂಜಿನ್ ಚೆನ್ನಾಗಿ ಬಿಸಿಯಾದಾಗ ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವಾಗ) ವ್ಯತ್ಯಾಸ ಸಾಮಾನ್ಯವಾಗಿ ಒಂದು ಕಿಲೋಪಾಸ್ಕಲ್‌ಗಿಂತ ಕಡಿಮೆ ಇರುತ್ತದೆ, 2500 ಆರ್‌ಪಿಎಂಗೆ ಏರಿಸಿದಾಗ ಕೆಲವು ಕಿಲೋಪಾಸ್ಕಲ್‌ಗೆ ಏರಿ, ಬಿಟ್ಟಾಗ ಇಳಿಯುತ್ತದೆ. ನಿಖರವಾದ ಮಿತಿ ಆಯಾ ಮಾದರಿಯ ಸರ್ವಿಸ್ ಪುಸ್ತಕದಲ್ಲಿರುವುದೇ ಅಂತಿಮ. ಕೆಲವು ಸ್ಕ್ಯಾನರ್‌ಗಳು ಮಿಲಿಬಾರ್‌ನಲ್ಲಿ ತೋರಿಸುತ್ತವೆ, ಹತ್ತು ಮಿಲಿಬಾರ್ ಸೇರಿದರೆ ಒಂದು ಕಿಲೋಪಾಸ್ಕಲ್, ಗೊಂದಲ ಮಾಡಿಕೊಳ್ಳಬೇಡಿ. ಎಷ್ಟು ಏರಿಸಿದರೂ ಅಂಕಿ ಸೊನ್ನೆಯಲ್ಲೇ ಇದ್ದರೆ ಕೊಳವೆ ಕಳಚಿರಬೇಕು ಅಥವಾ ಫಿಲ್ಟರ್ ಒಳಗೆ ಒಡೆದಿರಬೇಕು. ಸೈಲೆನ್ಸರಿನ ತುದಿಯಲ್ಲಿ ಬಿಳಿ ಬಟ್ಟೆ ಆಡಿಸಿ ನೋಡಿ. ಒಳಗೆ ದಪ್ಪ ಕಪ್ಪು ಮಸಿ ಅಂಟಿದ್ದರೆ ಫಿಲ್ಟರ್ ಒಡೆದಿದೆಯೆಂಬ ಅನುಮಾನ ಬಲವಾಗುತ್ತದೆ.

ಬಿಸಿ ಅಳೆಯುವ ಸೆನ್ಸರ್‌ಗಳನ್ನೂ ಇದರೊಂದಿಗೆ ನೋಡಬೇಕು. ಹೊಗೆಯ ದಾರಿಯಲ್ಲಿ ಇಂಥವು ಒಂದಕ್ಕಿಂತ ಹೆಚ್ಚು ಇರುತ್ತವೆ, ಅವುಗಳಲ್ಲಿ ಒಂದರ ಮೇಲೆ ಇಸಿಯುಗೆ ನಂಬಿಕೆ ಹೋದರೂ ಅದು ಮಸಿ ಸುಡಲು ಮುಂದಾಗುವುದಿಲ್ಲ. ಇದಕ್ಕೆ ಖರ್ಚೇ ಇಲ್ಲದ ಪರೀಕ್ಷೆಯೊಂದಿದೆ. ರಾತ್ರಿಯಿಡೀ ನಿಂತ ಗಾಡಿಗೆ ಬೆಳಗ್ಗೆ ಎಂಜಿನ್ ಚಾಲೂ ಮಾಡುವ ಮೊದಲು ಸ್ಕ್ಯಾನರ್ ಹಾಕಿ, ಕೂಲೆಂಟ್ ಬಿಸಿ, ಒಳಬರುವ ಗಾಳಿಯ ಬಿಸಿ ಮತ್ತು ಹೊಗೆಯ ಎಲ್ಲ ಸೆನ್ಸರ್‌ಗಳ ಬಿಸಿಯನ್ನು ಒಂದರ ಪಕ್ಕ ಒಂದು ಓದಿ. ಎಲ್ಲವೂ ಹೆಚ್ಚುಕಡಿಮೆ ಹೊರಗಿನ ಹವೆಯಷ್ಟೇ ತೋರಿಸಬೇಕು. ಉಳಿದವು ಇಪ್ಪತ್ತರ ಆಸುಪಾಸಿನಲ್ಲಿದ್ದು ಒಂದು ಮಾತ್ರ ಮೈನಸ್ 40 ಎಂದೋ ಹಲವು ನೂರು ಡಿಗ್ರಿ ಎಂದೋ ಹಟ ಹಿಡಿದಿದ್ದರೆ ಅದರ ವೈರ್ ತುಂಡಾಗಿದೆ ಅಥವಾ ಶಾರ್ಟ್ ಆಗಿದೆ.

ಎಲ್ಲ ಸೆನ್ಸರ್ ಸರಿಯಾಗಿದ್ದು ಒತ್ತಡ ನಿಜವಾಗಿಯೇ ಹೆಚ್ಚಿದ್ದರೆ, ತುಂಬಿರುವುದು ಮಸಿಯೋ ಬೂದಿಯೋ ಎಂಬ ಪ್ರಶ್ನೆ ಏಳುತ್ತದೆ. ಮಸಿ ಸುಟ್ಟುಹೋಗುತ್ತದೆ. ಬೂದಿ ಎಂಜಿನ್ ಆಯಿಲ್‌ನ ರಾಸಾಯನಿಕಗಳಿಂದ ಬರುವುದು, ಅದು ಸುಡುವುದಿಲ್ಲ, ಫಿಲ್ಟರ್ ಬಿಚ್ಚಿ ಸ್ವಚ್ಛಗೊಳಿಸಬೇಕು. ಕಳೆದ ಸಲ ಯಾವ ಆಯಿಲ್ ಹಾಕಿಸಿದಿರಿ ಎಂಬುದನ್ನು ಬಿಲ್ಲಿನಲ್ಲಿ ನೋಡಿ ಹೇಳಿ. ಡಿಪಿಎಫ್ ಇರುವ ಗಾಡಿಗೆ ಬೂದಿ ಕಡಿಮೆ ಉಳಿಸುವ ಆಯಿಲ್ಲೇ ಬೇಕು. ಸ್ಕ್ಯಾನರಿನಿಂದ ಬಲವಂತದ ರೀಜನರೇಷನ್ ಮಾಡಿಸುವ ಮೊದಲು ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ತೆಗೆದು ನೋಡಲೇಬೇಕು. ನಿಮ್ಮ ಗಾಡಿ ಅರ್ಧಕ್ಕೆ ನಿಂತ ರೀಜನರೇಷನ್‌ಗಳನ್ನು ಬಹಳ ಕಂಡಿರಬಹುದು, ಆಗ ಚಿಮ್ಮಿಸಿದ ಡೀಸೆಲ್ ಆಯಿಲ್‌ಗೆ ಇಳಿದು ಮಟ್ಟ ಏರಿರುತ್ತದೆ. ಮೇಲಿನ ಗುರುತನ್ನು ದಾಟಿದ್ದರೆ ಅಥವಾ ಡೀಸೆಲ್ ವಾಸನೆ ಬಂದರೆ ಮೊದಲು ಆಯಿಲ್ ಬದಲಿಸಿ. ಬಲವಂತದ ರೀಜನರೇಷನ್ ಅನ್ನು ಬಯಲಿನಲ್ಲಿ, ಕಲ್ಲು ಅಥವಾ ಸಿಮೆಂಟ್ ನೆಲದ ಮೇಲೆ ಮಾಡಿಸಿ. ಒಣಹುಲ್ಲಿನ ಮೇಲೆ, ಗೋಣಿಚೀಲಗಳಿರುವ ಶೆಡ್ಡಿನಲ್ಲಿ ಖಂಡಿತ ಬೇಡ, ಮಕ್ಕಳು ಹತ್ತಿರ ಸುಳಿಯದಂತೆ ನೋಡಿಕೊಳ್ಳಿ.

ಗುಂಪಿನಲ್ಲಿ ಬಂದ ಬೇರೆ ಸಲಹೆಗಳ ಬಗ್ಗೆ ಒಂದು ಮಾತು. ಬ್ಯಾಟರಿ ತಂತಿ ಬಿಡಿಸಿ ಕೋಡ್ ಅಳಿಸುವುದರಿಂದ ಮಸಿ ಒಂದು ಚಿಟಿಕೆಯೂ ಕರಗುವುದಿಲ್ಲ, ಬದಲಿಗೆ ದೋಷ ಕಾಣಿಸಿದ ಕ್ಷಣದಲ್ಲಿ ಇಸಿಯು ಬರೆದಿಟ್ಟುಕೊಂಡ ವೇಗ, ಬಿಸಿ, ಭಾರಗಳ ದಾಖಲೆ ಅಳಿಸಿಹೋಗುತ್ತದೆ. ಅದು ನಮಗೆ ಬೇಕು. ಹೆದ್ದಾರಿಯಲ್ಲಿ ಜೋರಾಗಿ ಓಡಿಸಿದರೆ ಸರಿಹೋಗುತ್ತದೆ ಎಂಬುದು ಸೆನ್ಸರ್ ಸರಿಯಿರುವ ಗಾಡಿಗೆ ಒಳ್ಳೆಯ ಸಲಹೆ; ದುರಸ್ತಿಯ ಬಳಿಕ ಹಾಸನದಿಂದ ಚನ್ನರಾಯಪಟ್ಟಣದ ಕಡೆಗೆ ಒಂದೇ ವೇಗದಲ್ಲಿ ಹೋಗಿಬನ್ನಿ, ಟ್ಯಾಂಕಿನಲ್ಲಿ ಸಾಕಷ್ಟು ಡೀಸೆಲ್ ಇರಲಿ. ಈಗ ಮಾತ್ರ ಬೇಡ, ಕಟ್ಟಿದ ಫಿಲ್ಟರಿನ ಹಿಂದೊತ್ತಡ ಎಂಜಿನ್‌ಗೆ ಗಾಳಿ ಒತ್ತಿಕೊಡುವ ಟರ್ಬೊವನ್ನು ಹಾಳುಮಾಡೀತು.

ನೇರ ಪೈಪ್ ಹಾಕಿಸುವ ಮಾತಿಗೆ ನನ್ನ ವಿರೋಧವಿದೆ, ಅದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ರಚನೆಯನ್ನು ಹೀಗೆ ಬದಲಿಸುವುದನ್ನು ನಿರ್ಬಂಧಿಸುತ್ತದೆ. ಅದಕ್ಕಿಂತ ನನ್ನನ್ನು ಕಾಡುವುದು ನಮ್ಮ ಮನೆಯವರ ಆರೋಗ್ಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲೇ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ನೀವು ಬೆಳಗಿನ ಜಾವ ಗಾಡಿ ಬಿಸಿ ಮಾಡುವುದು ಅಂಗಳದಲ್ಲಿ, ಅಕ್ಕ ಆ ಹೊತ್ತಿಗೆ ಅಲ್ಲಿಯೇ ಗುಡಿಸುತ್ತಿರುತ್ತಾಳೆ, ಮಕ್ಕಳ ಕೋಣೆಯ ಕಿಟಕಿ ಅಲ್ಲಿಗೇ ತೆರೆದುಕೊಳ್ಳುತ್ತದೆ.

ಆದ್ದರಿಂದ ಇವತ್ತು ಗ್ಯಾರೇಜಿಗೆ ಹೋದಾಗ ಕೊಳವೆ ಬಿಡಿಸಿದ ಮೇಲಿನ ಅಂಕಿ, ಸಿಗ್ನಲ್ ವೈರಿನ ವೋಲ್ಟೇಜ್ ಮತ್ತು ಕೋಡಿನ ಜತೆ ಉಳಿದಿರುವ ದಾಖಲೆಯ ಫೋಟೋ, ಇಷ್ಟನ್ನು ಕಳುಹಿಸಿಕೊಡಿ. ತಣ್ಣಗಿನ ಎಂಜಿನ್‌ನ ಬಿಸಿಯ ಅಂಕಿಗಳನ್ನು ನಾಳೆ ಬೆಳಗ್ಗೆ ನೋಡೋಣ. ಸಂಜೆ ಕೆಲಸ ಮುಗಿದ ಮೇಲೆ ನಾನೇ ಕರೆ ಮಾಡಿ ಆ ಮೆಕ್ಯಾನಿಕ್ ಜೊತೆಗೂ ಮಾತನಾಡುತ್ತೇನೆ. ಅಲ್ಲಿಯವರೆಗೆ ಮೂಟೆಗಳನ್ನು ಬೇರೆ ಗಾಡಿಯಲ್ಲಿ ಕಳುಹಿಸಿ, ಹೊಸ ಫಿಲ್ಟರಿಗೆಂದು ಮುಂಗಡ ಕೊಡಬೇಡಿ.